ಪದಪಟ್ಟಿ ಮುಚ್ಚಿಡಿ, ವಾಕ್ಯ ಕಟ್ಟಿ: ಇಂಗ್ಲಿಷ್ ಶಬ್ದಸಂಪತ್ತು ಬೆಳೆಸುವ ಬಗೆ

ಕಳೆದ ಮಳೆಗಾಲದಲ್ಲಿ ಧಾರವಾಡದ ಸಪ್ತಾಪುರದ ಒಂದು ವಾಚನಾಲಯದಲ್ಲಿ ಕುಳಿತು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಅಭ್ಯಾಸಕ್ಕಾಗಿ ಬರೆದ ಇಂಗ್ಲಿಷ್ ಪ್ರಬಂಧಗಳನ್ನು ತಿದ್ದುತ್ತಿದ್ದೆ. ಹಾವೇರಿ ಕಡೆಯ ಹುಡುಗನೊಬ್ಬ ಭ್ರಷ್ಟಾಚಾರದ ಬಗ್ಗೆ ಕಿಚ್ಚಿನಿಂದ ಬರೆದಿದ್ದ. ಕೊನೆಯ ಸಾಲಿನಲ್ಲಿ, ಭ್ರಷ್ಟಾಚಾರವನ್ನು ನಾವೆಲ್ಲರೂ ಒಗ್ಗಟ್ಟಿನಿಂದ ‘ಕಂಡೋನ್’ ಮಾಡಬೇಕು ಎಂದಿದ್ದ. ಅವನ ಮನಸ್ಸಿನಲ್ಲಿದ್ದ ಪದ ‘ಕಂಡೆಮ್’, ಅಂದರೆ ಖಂಡಿಸಬೇಕು. ಕಾಗದದ ಮೇಲೆ ಬಂದದ್ದು ಅದರ ತದ್ವಿರುದ್ಧ: ತಪ್ಪೆಂದು ಗೊತ್ತಿದ್ದೂ ಕಂಡೂ ಕಾಣದಂತೆ ಬಿಟ್ಟುಬಿಡಬೇಕು. ಕರೆದು ಕೇಳಿದೆ. ದಿನಕ್ಕೆ ಐವತ್ತರಂತೆ ಎರಡು ತಿಂಗಳು ಪದಗಳನ್ನು ಕಂಠಪಾಠ ಮಾಡಿದ್ದನಂತೆ. ನೋಟ್‌ಬುಕ್ ತೆಗೆದು ತೋರಿಸಿದ. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಒಂದೇ ಒಂದು ಕನ್ನಡ ಪದ, ಮುತ್ತು ಪೋಣಿಸಿದಂಥ ಅಕ್ಷರ. ಕಂಡೆಮ್, ಕಂಡೋಲ್, ಕಂಡೋನ್ ಮೂರೂ ಒಂದೇ ಪುಟದಲ್ಲಿ ಒಂದರ ಕೆಳಗೊಂದು ಕುಳಿತಿದ್ದವು.

ಅಷ್ಟು ದುಡಿಮೆ ಹೀಗೆ ಮಣ್ಣುಪಾಲಾಗುವುದನ್ನು ಕಂಡು ನನಗೆ ಸಂಕಟವಾಯಿತು. ಪದಪಟ್ಟಿಯಲ್ಲಿ ಒಂದೇ ರೀತಿ ಕೇಳಿಸುವ ಪದಗಳು ಅಕ್ಷರಮಾಲೆಯ ಪ್ರಕಾರ ಅಕ್ಕಪಕ್ಕ ಬಂದು ಬೀಳುತ್ತವೆ. ಒಟ್ಟಿಗೆ ಕಲಿತವು ತಲೆಯಲ್ಲಿ ಒಟ್ಟಿಗೇ ಕಲಸಿಹೋಗುತ್ತವೆ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ 300 ಅಂಕಗಳ ಇಂಗ್ಲಿಷ್ ಪತ್ರಿಕೆ ಪ್ರಬಂಧವನ್ನೂ ಸಾರಾಂಶವನ್ನೂ ಬರೆಸುತ್ತದೆ. ಅದರಲ್ಲಿ ಶೇ 25ರಷ್ಟು ಅಂಕ ಬಾರದಿದ್ದರೆ ಉಳಿದ ಪತ್ರಿಕೆಗಳು ಎಣಿಕೆಗೇ ಬರುವುದಿಲ್ಲ. ಅಲ್ಲಿ ಅರ್ಥ ಗೊತ್ತಿದ್ದರೆ ಸಾಲದು, ಪದವನ್ನು ಅದರ ಜಾಗದಲ್ಲಿ ಕೂಡಿಸಲು ಬರಬೇಕು. ಆ ಹುಡುಗನ ಜೊತೆ ಕುಳಿತು ಮಾಡಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗಳನ್ನು ಓದುವ ಅನುಕೂಲಕ್ಕೆ ಕನ್ನಡದಲ್ಲಿ ಕೊಟ್ಟು, ಕಲಿಯಬೇಕಾದ ಪದವನ್ನಷ್ಟೇ ಇಂಗ್ಲಿಷಿನಲ್ಲಿ ಉಳಿಸಿದ್ದೇನೆ. ನೀವು ಇಡೀ ವಾಕ್ಯವನ್ನು ಇಂಗ್ಲಿಷಿನಲ್ಲೇ ಬರೆಯಬೇಕು.

ಹೆಜ್ಜೆ 1: ಸಾಮಾನು

ಗೆರೆ ಹಾಕಿದ ಒಂದು ನೋಟ್‌ಬುಕ್, ದಪ್ಪ ಕಾಗದದ ಚೀಟಿಗಳು, ಒಂದು ನಿಘಂಟು. ನಿಘಂಟಿನ ವಿಷಯದಲ್ಲಿ ಮಾತ್ರ ರಾಜಿ ಬೇಡ. ಇಂಗ್ಲಿಷ್–ಕನ್ನಡ ಪಾಕೆಟ್ ನಿಘಂಟು ಈ ಕೆಲಸಕ್ಕೆ ಬಾರದು. ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಯುವವರಿಗೆಂದೇ ಮಾಡಿದ ನಿಘಂಟು ಬೇಕು. 1978ರಲ್ಲಿ ಬಂದ ಲಾಂಗ್‌ಮನ್ ನಿಘಂಟು ಎಲ್ಲ ಅರ್ಥವಿವರಣೆಗಳನ್ನೂ ಸುಮಾರು 2,000 ಸರಳ ಪದಗಳ ಒಳಗೇ ಬರೆಯುವ ಕ್ರಮ ಇಟ್ಟುಕೊಂಡಿತು. 1987ರ ಕಾಲಿನ್ಸ್ ಕೋಬಿಲ್ಡ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಅರ್ಥವನ್ನೇ ಪೂರ್ತಿ ವಾಕ್ಯವಾಗಿ ಕೊಟ್ಟಿತು. ‘ಯಾರಾದರೂ ಇಂಥದ್ದನ್ನು ಮಾಡಿದರೆ ಅವರು ಹೀಗೆ ಮಾಡಿದಂತೆ’ ಎಂಬ ಧಾಟಿ ಅದರದು. ನನ್ನ ಮತ ಕೋಬಿಲ್ಡ್‌ಗೆ, ಏಕೆಂದರೆ ಅದರ ವಿವರಣೆಯಲ್ಲೇ ಪದ ನಡೆದಾಡುವುದು ಕಾಣುತ್ತದೆ. ಹಳೆಯ ಪುಸ್ತಕದ ಅಂಗಡಿಯಲ್ಲಿ ಹತ್ತು ವರ್ಷದ ಹಿಂದಿನ ಪ್ರತಿ ಸಿಕ್ಕರೂ ತೆಗೆದುಕೊಳ್ಳಿ. ಹಣವಿಲ್ಲದಿದ್ದರೆ ಎರಡೂ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ.

ಬಸ್ ನಿಲ್ದಾಣದಲ್ಲಿ ಮಾರುವ ‘ತಿಂಗಳಲ್ಲಿ ಮೂರು ಸಾವಿರ ಪದ’ ಬಗೆಯ ತೆಳು ಪುಸ್ತಕಗಳನ್ನು ಮುಟ್ಟಬೇಡಿ. ಅಂಥ ಒಂದು ಪುಸ್ತಕದಲ್ಲಿ ‘ಎನರ್ವೇಟ್’ ಎಂಬುದಕ್ಕೆ ‘ಶಕ್ತಿ ತುಂಬು’ ಎಂದು ಅಚ್ಚಾಗಿದ್ದನ್ನು ನಾನೇ ನೋಡಿದ್ದೇನೆ. ಅದರ ಅರ್ಥ ಶಕ್ತಿಗುಂದಿಸು. ಬೆಳಗಾದರೆ ವಾಟ್ಸ್ಆ್ಯಪ್‌ಗೆ ಬರುವ ‘ದಿನಕ್ಕೊಂದು ಪದ’ ಚಿತ್ರಗಳೂ ಇದೇ ಜಾತಿಯವು.

ಹೆಜ್ಜೆ 2: ಪದ ಆರಿಸುವುದು

ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಓದುವಾಗ ಗೊತ್ತಿಲ್ಲದ ಪದದ ಕೆಳಗೆ ಪೆನ್ಸಿಲ್ ಗೆರೆ ಎಳೆದು ಮುಂದೆ ಹೋಗಿ. ಅದೇ ಪದ ಬೇರೊಂದು ದಿನ ಮತ್ತೆ ಎದುರಾದರೆ ಮಾತ್ರ ನೋಟ್‌ಬುಕ್ಕಿಗೆ ತನ್ನಿ. ದಿನಕ್ಕೆ ಮೂರು ಪದ, ಹೆಚ್ಚು ಬೇಡ.

ಹೆಜ್ಜೆ 3: ಅರ್ಥ ಬಿಡಿಸುವುದು

ನಿಘಂಟಿನ ವಿವರಣೆಯನ್ನು ಓದಿ, ಪುಸ್ತಕ ಮುಚ್ಚಿ, ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಈ ಕ್ರಿಯೆಯನ್ನು ಮಾಡುವವರು ಯಾರು? ಯಾವುದರ ಮೇಲೆ ನಡೆಯುತ್ತದೆ? ಮಾತಾಡುವವನ ದನಿಯಲ್ಲಿ ಇರುವುದು ಮೆಚ್ಚುಗೆಯೋ ಆಕ್ಷೇಪವೋ? ‘ಕಂಡೋನ್’ಗೆ ಇದನ್ನು ಅನ್ವಯಿಸಿ. ಮಾಡುವವನು ಆಕ್ಷೇಪಿಸಬಹುದಾಗಿದ್ದ ವ್ಯಕ್ತಿ: ತಂದೆ, ಅಧಿಕಾರಿ, ಸರ್ಕಾರ. ಯಾವುದರ ಮೇಲೆ? ತಪ್ಪು ನಡತೆಯ ಮೇಲೆ. ಒಳ್ಳೆಯ ಕೆಲಸವನ್ನು ಯಾರೂ ಕಂಡೋನ್ ಮಾಡುವುದಿಲ್ಲ. ದನಿಯಲ್ಲಿ ಆಕ್ಷೇಪ, ಅದಕ್ಕಾಗಿಯೇ ಈ ಪದ ಹೆಚ್ಚಾಗಿ ‘ಕಂಡೋನ್ ಮಾಡಲಾಗದು’ ಎಂಬ ನಿಷೇಧದಲ್ಲೇ ಬರುತ್ತದೆ. ಮೂರನೆಯ ಪ್ರಶ್ನೆಯನ್ನು ಬಿಟ್ಟವರೇ ಸನ್ಮಾನ ಪತ್ರದಲ್ಲಿ ಹಿರಿಯರನ್ನು ‘ನೊಟೋರಿಯಸ್’ ಎಂದು ಹೊಗಳುವುದು. ಖ್ಯಾತಿಯೂ ಕುಖ್ಯಾತಿಯೂ ಪಟ್ಟಿಯಲ್ಲಿ ‘ಹೆಸರಾದ’ ಎಂದೇ ಆಗಿಬಿಟ್ಟಿರುತ್ತವೆ.

ಇಷ್ಟಾದ ಮೇಲೆ ಕನ್ನಡ ಬರಲಿ, ಧಾರಾಳವಾಗಿ ಬರಲಿ. ಆದರೆ ಒಂಟಿ ಪದವಾಗಿ ಬೇಡ, ನುಡಿಗಟ್ಟಾಗಿಯೋ ಗಾದೆಯಾಗಿಯೋ ಬರಲಿ. ‘ಪರ್ಫಂಕ್ಟರಿ’ ಎಂದರೆ ಕಾಟಾಚಾರಕ್ಕೆ ಮಾಡಿದ್ದು. ‘ಎಕ್ಸಾಸರ್ಬೇಟ್’ ಎಂದರೆ ಉರಿಯುವ ಬೆಂಕಿಗೆ ತುಪ್ಪ ಸುರಿಯುವುದು. ‘ಫ್ಯೂಟೈಲ್’ ಎಂದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಈ ಊರಿನಲ್ಲಿ ಇದಕ್ಕೆ ದೊಡ್ಡ ಮೇಲ್ಪಂಕ್ತಿಯೇ ಇದೆ. ಧಾರವಾಡದಲ್ಲಿ ಕಾಲೇಜೊಂದಕ್ಕೆ ಹೆಸರಾಗಿರುವ ಫರ್ಡಿನೆಂಡ್ ಕಿಟೆಲ್ 1894ರಲ್ಲಿ ಪ್ರಕಟಿಸಿದ ಕನ್ನಡ–ಇಂಗ್ಲಿಷ್ ನಿಘಂಟನ್ನು ತೆರೆದು ನೋಡಿ. ಅವರು ಅರ್ಥ ಹೇಳಿ ಸುಮ್ಮನಾಗಲಿಲ್ಲ. ಪದದ ಕೆಳಗೆ ಹಳಗನ್ನಡ ಕಾವ್ಯದ ಪ್ರಯೋಗಗಳನ್ನೂ ಜನರ ಬಾಯಲ್ಲಿದ್ದ ಗಾದೆಗಳನ್ನೂ ಜೋಡಿಸಿದರು. ಜರ್ಮನಿಯಿಂದ ಬಂದವರು ನಮ್ಮ ಭಾಷೆಯನ್ನು ಕಲಿತ ದಾರಿಯಲ್ಲಿ ನಾವು ಇಂಗ್ಲಿಷ್ ಕಲಿಯಬಹುದು.

ಹೆಜ್ಜೆ 4: ವಾಕ್ಯ ಕಟ್ಟುವುದು

ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ. ‘ಪರ್ಫಂಕ್ಟರಿ’ ಕೊಟ್ಟು ವಾಕ್ಯ ಬರೆಯಿರಿ ಎಂದರೆ ಹತ್ತರಲ್ಲಿ ಒಂಬತ್ತು ಮಂದಿ ಬರೆಯುವುದು: ‘ಅಧಿಕಾರಿಯ ತಪಾಸಣೆ ಪರ್ಫಂಕ್ಟರಿ ಆಗಿತ್ತು.’ ವ್ಯಾಕರಣದಲ್ಲಿ ತಪ್ಪಿಲ್ಲ. ಈಗ ಆ ಪದದ ಮೇಲೆ ಹೆಬ್ಬೆರಳು ಇಟ್ಟು ಮುಚ್ಚಿ, ಪಕ್ಕದವನಿಗೆ ಓದಲು ಕೊಡಿ. ಅಧಿಕಾರಿಯ ತಪಾಸಣೆ ಹೇಗಿತ್ತು? ಕಟ್ಟುನಿಟ್ಟಾಗಿತ್ತು, ದೀರ್ಘವಾಗಿತ್ತು, ಚೆನ್ನಾಗಿತ್ತು, ಏನು ಬೇಕಾದರೂ ಹಿಡಿಸುತ್ತದೆ. ಹಾಗಾದರೆ ಆ ವಾಕ್ಯ ನಿಮಗೆ ಏನನ್ನೂ ಕಲಿಸಲಿಲ್ಲ. ಇದನ್ನು ನಾನು ಹೆಬ್ಬೆರಳ ಪರೀಕ್ಷೆ ಎನ್ನುತ್ತೇನೆ.

ಪರೀಕ್ಷೆಯಲ್ಲಿ ಗೆಲ್ಲಬೇಕಾದರೆ ವಾಕ್ಯಕ್ಕೆ ಊರುಗೋಲು ಬೇಕು. ಮೂರು ಊರುಗೋಲುಗಳಿವೆ: ಏಕೆಂದರೆ, ಆದರೆ, ಆದ್ದರಿಂದ. ಒಂದೊಂದು ಪದಕ್ಕೂ ಮೂರು ವಾಕ್ಯ ಬರೆಯಿರಿ, ಒಂದೊಂದರಲ್ಲಿ ಒಂದೊಂದು ಊರುಗೋಲು. ‘ತಪಾಸಣೆ ಪರ್ಫಂಕ್ಟರಿ ಆಗಿತ್ತು, ಏಕೆಂದರೆ ಅಧಿಕಾರಿ ಜೀಪಿನಿಂದ ಕೆಳಗೇ ಇಳಿಯಲಿಲ್ಲ.’ ‘ಅಣ್ಣ ಪ್ರತಿ ಕಾಗದವನ್ನೂ ಎರಡು ಸಲ ಓದುತ್ತಾನೆ, ಆದರೆ ಅಂದು ಪರ್ಫಂಕ್ಟರಿ ನೋಟ ಹರಿಸಿ ಸಹಿ ಹಾಕಿಬಿಟ್ಟ.’ ‘ಸೇತುವೆಯ ಪರಿಶೀಲನೆ ಪರ್ಫಂಕ್ಟರಿ ಆಗಿ ಮುಗಿಯಿತು, ಆದ್ದರಿಂದ ಬಿರುಕು ಯಾರ ಕಣ್ಣಿಗೂ ಬೀಳಲಿಲ್ಲ.’ ಈಗ ಹೆಬ್ಬೆರಳು ಇಡಿ. ಕಾಟಾಚಾರ ಎಂಬುದನ್ನು ಬಿಟ್ಟು ಬೇರೆ ಅರ್ಥ ಒಳಗೆ ನುಸುಳಲು ಜಾಗವೇ ಇಲ್ಲ.

ವಾಕ್ಯದ ವಸ್ತು ನಿಮ್ಮ ಊರಿನದೇ ಆಗಿರಲಿ. ಕಂಡಿಲ್ಲದ ಹಿಮಪಾತದ ಬಗ್ಗೆ, ಹತ್ತಿಲ್ಲದ ಹಡಗಿನ ಬಗ್ಗೆ ಬರೆದ ವಾಕ್ಯ ಮಾರನೆಯ ದಿನಕ್ಕೆ ಉಳಿಯುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿ ನೋಡಲು ಕಡುಗೆಂಪು, ಆದರೆ ಗುಂಟೂರಿನದರಷ್ಟು ‘ಪಂಜೆಂಟ್’ ಅಲ್ಲ. ಹಾವೇರಿಯ ಹುಡುಗಿಯೊಬ್ಬಳು ಇದನ್ನು ಬರೆದಾಗ ಪಕ್ಕದಲ್ಲಿದ್ದವರೆಲ್ಲ ಮುಚ್ಚಿದ ಪದದ ಅರ್ಥವನ್ನು ತಕ್ಷಣ ಹೇಳಿದರು. ‘ಪ್ರೊಟ್ರಾಕ್ಟೆಡ್’ ಪದಕ್ಕೆ ನವಲಗುಂದದವನು ಕಳಸಾ–ಬಂಡೂರಿ ನೀರಿನ ವಿವಾದವನ್ನು ತಂದ: ಮಹದಾಯಿ ನ್ಯಾಯಮಂಡಳಿ ರಚನೆಯಾದದ್ದು 2010ರಲ್ಲಿ, ತೀರ್ಪು ಬಂದದ್ದು 2018ರಲ್ಲಿ, ಆದ್ದರಿಂದ ಅದು ಪ್ರೊಟ್ರಾಕ್ಟೆಡ್ ವಿವಾದ. ಎರಡು ಇಸವಿಗಳೇ ಅರ್ಥವನ್ನು ಹೇಳಿಬಿಟ್ಟವು. ಅವನ ಮನೆಯವರು ಆ ಹೋರಾಟದ ಧರಣಿಯಲ್ಲಿ ಕುಳಿತಿದ್ದವರು. ಆ ಪದವನ್ನು ಅವನು ಮರೆಯಲಾರ.

ಇನ್ನೊಂದು ಎಚ್ಚರ, ಜೊತೆಗಾರ ಪದಗಳದ್ದು. ‘ಮಿಟಿಗೇಟ್’ ಎಂದರೆ ಕಡಿಮೆ ಮಾಡು ಎಂದು ಕಲಿತವನು ‘ವ್ಯಾಪಾರಿ ಬೆಲೆಯನ್ನು ಮಿಟಿಗೇಟ್ ಮಾಡಿದ’ ಎಂದು ಬರೆಯುತ್ತಾನೆ. ಇಂಗ್ಲಿಷಿನವರು ಹಾಗೆ ಹೇಳುವುದಿಲ್ಲ. ಆ ಪದ ಅಪಾಯ, ಹಾನಿ, ದುಷ್ಪರಿಣಾಮಗಳ ಜೊತೆಗೆ ಹೋಗುತ್ತದೆ: ಕೃಷಿಹೊಂಡಗಳು ಬರದ ಪರಿಣಾಮವನ್ನು ಮಿಟಿಗೇಟ್ ಮಾಡುತ್ತವೆ. ‘ಕಂಡ್ಯೂಸಿವ್’ (ಅನುಕೂಲಕರ) ಬಂದರೆ ಅದರ ಬೆನ್ನಿಗೇ ‘ಟು’ ಬರಬೇಕು, ‘ಡಿವಾಯ್ಡ್’ (ಒಂದಿಷ್ಟೂ ಇಲ್ಲದ) ಬಂದರೆ ‘ಆಫ್’. ನಿಘಂಟಿನ ಉದಾಹರಣೆ ವಾಕ್ಯಗಳನ್ನು ನೋಡಿ, ಪದದ ಹಿಂದೆ ಮುಂದೆ ಯಾವುದು ಮರುಕಳಿಸುತ್ತದೋ ಅದನ್ನು ಕೆಂಪು ಶಾಯಿಯಲ್ಲಿ ಪದದ ಪಕ್ಕದಲ್ಲೇ ಬರೆದಿಡಿ. ಪದವನ್ನು ಅದರ ಬಳಗದ ಸಮೇತ ಕಲಿಯಬೇಕು.

ಈಗ ಮೊಬೈಲಿನಲ್ಲಿ ಕೇಳಿದರೆ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳು ಒಂದು ಪದಕ್ಕೆ ಹತ್ತು ವಾಕ್ಯ ಬರೆದುಕೊಡುತ್ತವೆ. ಬೇಡ. ಹೆಣಗಾಡಿ ನೀವೇ ಬರೆದ ಒಂದು ಡೊಂಕು ವಾಕ್ಯ ಆ ಹತ್ತಕ್ಕಿಂತ ಹೆಚ್ಚು ಕಾಲ ನೆನಪಿನಲ್ಲಿ ನಿಲ್ಲುತ್ತದೆ. ಬರೆದಾದ ಮೇಲೆ ತಪ್ಪು ತೋರಿಸಲು ಬೇಕಾದರೆ ಅವುಗಳನ್ನು ಕೇಳಿ. ಅದಕ್ಕಿಂತ ಮೊದಲು ಕೇಳಬೇಡಿ.

ನನ್ನ ಹುಡುಗ ‘ಕಂಡೋನ್’ಗೆ ಬರೆದ ವಾಕ್ಯ ಇದು: ‘ನಾನು ಪರೀಕ್ಷೆಯಲ್ಲಿ ಫೇಲಾದಾಗ ಅಪ್ಪ ಒಂದು ಮಾತೂ ಅನ್ನಲಿಲ್ಲ, ಆದರೆ ಅಂಕಪಟ್ಟಿ ಬಚ್ಚಿಟ್ಟು ಸುಳ್ಳು ಹೇಳಿದ್ದನ್ನು ಅವರು ಕಂಡೋನ್ ಮಾಡಲಿಲ್ಲ.’ ಅದಕ್ಕೆ ಮೊದಲು ನಾಲ್ಕು ವಾಕ್ಯ ಹೊಡೆದು ಹಾಕಿದ್ದ.

ಹೆಜ್ಜೆ 5: ಉಚ್ಚಾರ

ನಿಘಂಟಿನ ಜಾಲತಾಣದಲ್ಲಿ ಧ್ವನಿಯ ಗುರುತು ಒತ್ತಿ ಎರಡು ಸಲ ಕೇಳಿ, ಮೂರು ಸಲ ಗಟ್ಟಿಯಾಗಿ ಹೇಳಿ.

ಹೆಜ್ಜೆ 6: ಚೀಟಿ ಡಬ್ಬಿ

ಹೊಸದಾಗಿ ಕಲಿತದ್ದು ಮೊದಲ ದಿನಗಳಲ್ಲೇ ಬೇಗ ಬೇಗ ಮರೆತುಹೋಗುತ್ತದೆ ಎಂಬುದನ್ನು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತಮ್ಮ ಮೇಲೆ ತಾವೇ ಪ್ರಯೋಗ ಮಾಡಿ ತೋರಿಸಿದ್ದರು. ಅದಕ್ಕೆ ಮದ್ದಾಗಿ ಚೀಟಿಗಳನ್ನು ಖಾನೆಗಳಲ್ಲಿ ಇಟ್ಟು, ಅಂತರ ಹೆಚ್ಚಿಸುತ್ತ ಮತ್ತೆ ಮತ್ತೆ ನೋಡುವ ಕ್ರಮವನ್ನು 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಹೇಳಿಕೊಟ್ಟರು. ಒಂದು ಕಿಲೋ ಪೇಢಾದ ಖಾಲಿ ಡಬ್ಬಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ರಟ್ಟು ಕತ್ತರಿಸಿ ನಾಲ್ಕು ಖಾನೆ ಮಾಡಿ. ಮೊದಲ ಖಾನೆಯನ್ನು ದಿನವೂ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ, ನಾಲ್ಕನೆಯದನ್ನು ತಿಂಗಳಿಗೊಮ್ಮೆ ತೆಗೆಯಿರಿ. ಸರಿಯಾಗಿ ಹೇಳಿದರೆ ಚೀಟಿ ಮುಂದಿನ ಖಾನೆಗೆ, ತಪ್ಪಿದರೆ ಮೊದಲನೆಯದಕ್ಕೆ.

ಚೀಟಿಯ ಒಂದು ಮಗ್ಗುಲಲ್ಲಿ ಪದ, ಇನ್ನೊಂದರಲ್ಲಿ ಅರ್ಥ ಬರೆಯುವುದು ರೂಢಿ. ನಾನು ಅದನ್ನು ಒಪ್ಪುವುದಿಲ್ಲ, ಅದು ಪದಪಟ್ಟಿಯನ್ನೇ ಕತ್ತರಿಸಿ ಇಟ್ಟಂತೆ. ಮುಂಭಾಗದಲ್ಲಿ ನಿಮ್ಮ ವಾಕ್ಯವಿರಲಿ, ಪದದ ಜಾಗ ಖಾಲಿ ಇರಲಿ. ಪದ ಹಿಂಭಾಗದಲ್ಲಿರಲಿ. ಹತ್ತು ಚೀಟಿ ಕಿಸೆಯಲ್ಲಿಟ್ಟುಕೊಂಡರೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಬರುವಷ್ಟರಲ್ಲಿ ಎರಡು ಸುತ್ತು ಮುಗಿಯುತ್ತದೆ.

ನಾಲ್ಕನೆಯ ಖಾನೆಯನ್ನೂ ದಾಟಿದ ಚೀಟಿಯನ್ನು ಎಸೆಯಬೇಡಿ. ವಾಚನಾಲಯದಲ್ಲಿ ಪಕ್ಕದ ಕುರ್ಚಿಯವನಿಗೆ ಕೊಟ್ಟು ಖಾಲಿ ಜಾಗ ತುಂಬಲು ಹೇಳಿ. ಆ ಪದ ಗೊತ್ತಿದ್ದೂ ಅವನು ಬೇರೊಂದನ್ನು ಬರೆದರೆ ವಾಕ್ಯದಲ್ಲಿ ಇನ್ನೂ ಸಂದು ಉಳಿದಿದೆ ಎಂದು ಅರ್ಥ. ವಾಕ್ಯವನ್ನು ಹೊಡೆದು ಹಾಕಿ, ಹೊಸದು ಬರೆದು, ಚೀಟಿಯನ್ನು ಮತ್ತೆ ಮೊದಲ ಖಾನೆಗೆ ಹಾಕಿ.