ಮ್ಯಾರಥಾನ್ ತಯಾರಿಯ ನಡುವೆ ಒಂದು ಹಾಫ್: ಮಕ್ಕಳಿರುವ ಮನೆಯ ಲೆಕ್ಕಾಚಾರ

ಸಾಮಾನ್ಯವಾಗಿ ಜನವರಿಯ ಮೂರನೆಯ ಭಾನುವಾರ ನಡೆಯುವ ಮುಂಬೈ ಮ್ಯಾರಥಾನ್‌ಗೆ ಹೆಸರು ಕೊಟ್ಟ ಮೈಸೂರಿನ ಓಟಗಾರ ಸೆಪ್ಟೆಂಬರ್ ನಡುವಿನಲ್ಲೇ ತಯಾರಿಗೆ ತೊಡಗಬೇಕಾಗುತ್ತದೆ. ಆ ನಾಲ್ಕು ತಿಂಗಳೊಳಗೆ ದಸರಾ ರಜೆ, ಪರೀಕ್ಷೆ, ಶಾಲೆಯ ವಾರ್ಷಿಕೋತ್ಸವ, ಮಕ್ಕಳ ನೆಗಡಿ ಜ್ವರ, ನೆಂಟರ ಮನೆಯ ಒಂದೆರಡು ಗೃಹಪ್ರವೇಶಗಳೂ ಬಂದುಹೋಗುತ್ತವೆ. ಇಷ್ಟರ ಮಧ್ಯೆ ಇನ್ನೊಂದು ರೇಸ್‌ಗೂ ಹಣ ಕಟ್ಟಬೇಕೇ ಎಂದು ಮನೆಯವರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಒಂದಕ್ಕೆ ಕಟ್ಟಬಹುದು, ಎರಡಕ್ಕೆ ಬೇಡ ಎಂಬುದು ನನ್ನ ಅಭಿಪ್ರಾಯ. ಆ ಒಂದು ಹಾಫ್ ಮ್ಯಾರಥಾನ್ (ಪೂರ್ಣ ಮ್ಯಾರಥಾನ್‌ನ 42 ಕಿ.ಮೀ.ಯ ಅರ್ಧ, ಸುಮಾರು 21 ಕಿ.ಮೀ.) ಆಗಿರಲಿ, ಮುಖ್ಯ ಓಟಕ್ಕೆ ಸುಮಾರು ಐದು ವಾರ ಮೊದಲು, ಎಂದರೆ ಡಿಸೆಂಬರ್ ನಡುಭಾಗದಲ್ಲಿ ಬರಲಿ. ಅದು ಆ ವಾರದ ಲಾಂಗ್ ರನ್‌ನ, ಎಂದರೆ ವಾರದ ಅತಿ ಉದ್ದದ ಓಟದ, ಜಾಗದಲ್ಲಿ ಕೂರಬೇಕೇ ಹೊರತು ಅದರ ಮೇಲೆ ಹೇರಿದ ಇನ್ನೊಂದು ಮೂಟೆಯಾಗಬಾರದು.

ಹೀಗೆ ಹೇಳುವುದಕ್ಕೆ ಕಾರಣ ನನ್ನದೇ ಎಡವಟ್ಟು. ಒಂದು ವರ್ಷ ಇಂಥ ಹಾಫ್ ಅನ್ನು ಜೀವನದ ಅತ್ಯುತ್ತಮ ಸಮಯಕ್ಕಾಗಿ ಓಡಿ, ಅದೇ ಮಧ್ಯಾಹ್ನ ಮದುವೆಯೊಂದರಲ್ಲಿ ಮೂರು ಗಂಟೆ ನಿಂತು, ರಾತ್ರಿಯೆಲ್ಲ ಜ್ವರದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಓಡಾಡಿದೆ. ಬುಧವಾರ ಮೀನಖಂಡ ಹಿಡಿದುಕೊಂಡು ಮುಂದಿನ ಹನ್ನೆರಡು ದಿನ ಓಟವೇ ನಿಂತಿತು. ಮಕ್ಕಳಿಲ್ಲದವರು ರೇಸ್ ಮುಗಿಸಿ ಮನೆಗೆ ಹೋಗಿ ಮಲಗುತ್ತಾರೆ. ನಮಗೆ ಆ ಭಾನುವಾರದ ಎರಡನೆಯ ಪಾಳಿ ಮನೆಯಲ್ಲಿ ಕಾದಿರುತ್ತದೆ. ಆದ್ದರಿಂದ ದೇಹದ ಅಷ್ಟೂ ಶಕ್ತಿಯನ್ನು ರಸ್ತೆಯಲ್ಲೇ ಖರ್ಚು ಮಾಡುವಂತಿಲ್ಲ.

ಹಾಗಾದರೆ ಎಷ್ಟು ವೇಗದಲ್ಲಿ ಓಡಬೇಕು? ದೂರ ದುಪ್ಪಟ್ಟಾದರೆ ಸಮಯ ಸುಮಾರು 2.085 ಪಟ್ಟಾಗುತ್ತದೆ ಎಂಬುದು ಅಮೆರಿಕದ ಎಂಜಿನಿಯರ್ ಪೀಟರ್ ರೀಗಲ್ ಅವರ ಪ್ರಸಿದ್ಧ ಸೂತ್ರದ ಲೆಕ್ಕ. ಹಳೆಯ ಹಾಫ್ ಒಂದನ್ನು ಎರಡು ಗಂಟೆಯಲ್ಲಿ ಮುಗಿಸಿದವರಿಗೆ ಅದರ ಪ್ರಕಾರ ಮ್ಯಾರಥಾನ್ 4 ಗಂಟೆ 10 ನಿಮಿಷದಲ್ಲಿ ಮುಗಿಯಬೇಕು. ವಾರಕ್ಕೆ ನಾಲ್ಕು ದಿನ, ಒಟ್ಟು 40 ಕಿ.ಮೀ. ಆಸುಪಾಸು ಓಡಲು ಮಾತ್ರ ಪುರುಸೊತ್ತು ಸಿಗುವ ತಂದೆತಾಯಿಯರ ಮಟ್ಟಿಗೆ ಇದು ಸ್ವಲ್ಪ ಉದಾರವಾದ ಲೆಕ್ಕವಾದ್ದರಿಂದ ನಾನು ಅದಕ್ಕೆ ಹತ್ತು ನಿಮಿಷ ಸೇರಿಸಿ 4 ಗಂಟೆ 20 ನಿಮಿಷ ಎಂದಿಟ್ಟುಕೊಳ್ಳುತ್ತೇನೆ. ಆಗ ಮ್ಯಾರಥಾನ್ ಪೇಸ್, ಎಂದರೆ ಒಂದು ಕಿಲೋಮೀಟರ್ ಓಡಲು ಹಿಡಿಯುವ ಸಮಯ, ಕಿಲೋಮೀಟರಿಗೆ 6 ನಿಮಿಷ 10 ಸೆಕೆಂಡ್ ಆಗುತ್ತದೆ. ಹಾಫ್‌ನ ಮೊದಲ ನಾಲ್ಕು ಕಿಲೋಮೀಟರನ್ನು ಇದಕ್ಕಿಂತ ಹದಿನೈದು ಸೆಕೆಂಡ್ ನಿಧಾನವಾಗಿ, ಮುಂದಿನ ಹನ್ನೆರಡನ್ನು ಸರಿಯಾಗಿ ಇದೇ ಪೇಸ್‌ನಲ್ಲಿ ಓಡಿ, ಕೊನೆಯ ಐದರಲ್ಲಿ ಮಾತ್ರ ಕಾಲಿಗೆ ಸ್ವಾತಂತ್ರ್ಯ ಕೊಡಿ. ಆ ಐದನ್ನು ಏದುಸಿರಿಲ್ಲದೆ 5 ನಿಮಿಷ 40 ಸೆಕೆಂಡಿನ ಹತ್ತಿರ ಓಡಲಾದರೆ ಜನವರಿಯ ಗುರಿ ಸರಿಯಾಗಿದೆ ಎಂದು ತಿಳಿಯಬಹುದು. 6 ನಿಮಿಷ 10 ಸೆಕೆಂಡನ್ನು ಉಳಿಸಿಕೊಳ್ಳುವುದಕ್ಕೇ ತಿಣುಕಬೇಕಾದರೆ ಗುರಿಯನ್ನು ಕಾಲು ಗಂಟೆ ಸಡಿಲಿಸುವುದು ಜಾಣತನ. ಮೊದಲ ಕಿಲೋಮೀಟರಿನಲ್ಲಿ ಎಲ್ಲರೂ ನಿಮ್ಮನ್ನು ಹಿಂದೆ ಹಾಕಿ ಹೋಗುತ್ತಾರೆ, ಹೋಗಲಿ ಬಿಡಿ.

ಅಲ್ಲಿಯವರೆಗಿನ ವಾರಗಳಲ್ಲಿ ಶಾಲೆಯ ವ್ಯಾನ್ ಬರುವ ಹೊತ್ತೇ ನಮ್ಮ ಕೋಚ್. ಏಳೂವರೆಗೆ ವ್ಯಾನ್ ಬರುವ ಮನೆಯಲ್ಲಿ ಐದೂಕಾಲಕ್ಕೆ ಹೊರಟು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಐವತ್ತು ನಿಮಿಷ ಓಡಿ, ಡಬ್ಬಿ ಕಟ್ಟುವ ಹೊತ್ತಿಗೆ ಮರಳಬಹುದು. ಚಾಮುಂಡಿ ಬೆಟ್ಟದ ರಸ್ತೆ ಹದಿನೈದು ದಿನಕ್ಕೊಮ್ಮೆ ಸಾಕು. ಏರುವುದಕ್ಕಿಂತ ಇಳಿಯುವಾಗಲೇ ತೊಡೆಗೆ ಪೆಟ್ಟು ಹೆಚ್ಚು. ದಸರೆಯ ದಿನಗಳಲ್ಲಿ ಅರಮನೆಯ ಸುತ್ತಲಿನ ರಸ್ತೆಗಳನ್ನು ಮರೆತುಬಿಡಿ. ಮಂಡ್ಯದವರಿಗೆ ವಿಶ್ವೇಶ್ವರಯ್ಯ ನಾಲೆಯ ಬದಿಯ ಸಮತಟ್ಟಾದ ದಾರಿ ಪೇಸ್ ಅಭ್ಯಾಸಕ್ಕೆ ಹೇಳಿಮಾಡಿಸಿದಂತಿದೆ, ಆದರೆ ಕಬ್ಬು ಅರೆಯುವ ಕಾಲದಲ್ಲಿ ಹಿಂದೀಪವಿಲ್ಲದ ಟ್ರ್ಯಾಕ್ಟರುಗಳು ಕತ್ತಲಲ್ಲೇ ಹೊರಡುವುದರಿಂದ ಹೊಳೆಯುವ ಪಟ್ಟಿಯ ಜಾಕೆಟ್ ಇಲ್ಲದೆ ರಸ್ತೆಗೆ ಇಳಿಯಬಾರದು.

ಮಗುವಿನ ಕೆಮ್ಮಿನಿಂದ ರಾತ್ರಿ ನಾಲ್ಕು ಗಂಟೆಯ ನಿದ್ದೆಯೂ ಆಗದಿದ್ದರೆ ಮರುದಿನದ ವೇಗದ ಓಟವನ್ನು ಬಿಟ್ಟು ನಿಧಾನವಾಗಿ ಅರ್ಧ ಗಂಟೆ ಓಡಿ. ಅದೇ ನೆಗಡಿ ನಿಮಗೂ ಅಂಟಿದರೆ, ತೊಂದರೆ ಮೂಗು ಮತ್ತು ಗಂಟಲಿನಲ್ಲಷ್ಟೇ ಇದ್ದಾಗ ಹಗುರವಾಗಿ ಓಡಬಹುದು. ಎದೆ ಕಟ್ಟಿದ್ದರೆ ಅಥವಾ ಜ್ವರ, ಮೈಕೈ ನೋವು ಇದ್ದರೆ ಓಡಲೇಬಾರದು, ರೇಸ್ ದಿನವಾದರೂ ಸರಿಯೇ. ಕಟ್ಟಿದ ಹಣ ಹೋಯಿತು ಎಂದುಕೊಳ್ಳಿ.

ರೇಸ್ ವಾರದಲ್ಲಿ ಮನೆಯೊಳಗಿನ ಒಪ್ಪಂದವನ್ನು ಬುಧವಾರಕ್ಕೆ ಮೊದಲೇ ಮುಗಿಸಬೇಕು: ಬಿಬ್ (ಎದೆಗೆ ಚುಚ್ಚಿಕೊಳ್ಳುವ ಓಟಗಾರರ ಸಂಖ್ಯೆಯ ಚೀಟಿ) ತರುವವರು ಯಾರು, ಭಾನುವಾರ ಬೆಳಗ್ಗೆ ಹಾಲು ಕಾಯಿಸುವವರು ಯಾರು, ಮಕ್ಕಳು ಅಜ್ಜಿಯ ಮನೆಯಲ್ಲಿ ಮಲಗುತ್ತಾರೆಯೇ ಇಲ್ಲವೇ. ಮಕ್ಕಳನ್ನು ನಸುಕಿನಲ್ಲಿ ಓಟ ಶುರುವಾಗುವ ಜಾಗಕ್ಕೆ ಎಳೆದೊಯ್ಯುವುದು ಅವರಿಗೂ ಶಿಕ್ಷೆ, ನಿಮಗೂ ಶಿಕ್ಷೆ. ದಾರಿಯ ನಕ್ಷೆ ನೋಡಿ, ಓಟ ಎರಡು ಬಾರಿ ಹಾದುಹೋಗುವ ಒಂದು ವೃತ್ತವನ್ನು ಆರಿಸಿ, ಎಂಟು ಗಂಟೆಯ ಮೇಲೆ ಅಲ್ಲಿಗೆ ಬರಲು ಹೇಳಿದರೆ ಸಾಕಾಗುತ್ತದೆ. ಭಾನುವಾರ ಮಧ್ಯಾಹ್ನದ ಅಡುಗೆ ಅಥವಾ ಮಕ್ಕಳ ಹೋಂವರ್ಕ್ ನಿಮ್ಮ ಪಾಲಿಗಿರಲಿ. ಮನೆಯ ಸೋಫಾದ ಮೇಲೆ ಮೆಡಲ್ ಹಾಕಿಕೊಂಡು ಮಲಗಿದವರಿಗೆ ಮುಂದಿನ ರೇಸ್‌ಗೆ ಒಪ್ಪಿಗೆ ಸಿಗುವುದು ಕಷ್ಟ.

ಊಟದಲ್ಲಿ ಹೊಸ ಪ್ರಯೋಗ ಬೇಡ. ಶನಿವಾರ ರಾತ್ರಿ ಮುದ್ದೆಯ ಬದಲು ಅನ್ನ, ತಿಳಿಸಾರು, ಮೊಸರು ಲೇಸು, ಏಕೆಂದರೆ ರಾಗಿಯ ನಾರಿನಂಶ ಓಡುವ ಬೆಳಗಿಗೆ ಅನುಕೂಲವಲ್ಲ. ಓಟಕ್ಕೆ ಒಂದೂವರೆ ಗಂಟೆ ಮೊದಲು ಎರಡು ಇಡ್ಲಿ ಅಥವಾ ಎರಡು ಬಾಳೆಹಣ್ಣು, ಅಭ್ಯಾಸವಿದ್ದರೆ ಅರ್ಧ ಲೋಟ ಕಾಫಿ. ಓಡುವಾಗ ಗಂಟೆಗೆ 30ರಿಂದ 60 ಗ್ರಾಂ ಶರ್ಕರ ಬೇಕು. ಓಟಗಾರರು ಶಕ್ತಿಗಾಗಿ ಸೇವಿಸುವ ಅಂಗಡಿಯ ಸಿಹಿ ಜೆಲ್ ಹೊಟ್ಟೆಗೆ ಒಗ್ಗದವರು ಮಂಡ್ಯದ ಬೆಲ್ಲಕ್ಕೆ ನಿಂಬೆ ಹಿಂಡಿ, ಚಿಟಿಕೆ ಉಪ್ಪು ಹಾಕಿದ ಪಾನಕವನ್ನು ಸಣ್ಣ ಬಾಟಲಿಯಲ್ಲಿ ಒಯ್ಯಬಹುದು, ಆದರೆ ಅದನ್ನೂ ಮೊದಲು ಲಾಂಗ್ ರನ್‌ಗಳಲ್ಲಿ ಕುಡಿದು ನೋಡಿರಬೇಕು. ನೀರನ್ನು ಬಾಯಾರಿಕೆಯಾದಷ್ಟು ಕುಡಿಯಿರಿ, ಪ್ರತಿ ಮೇಜಿನ ಬಳಿಯೂ ಲೋಟ ಎತ್ತಲೇಬೇಕೆಂದಿಲ್ಲ.

ರೇಸ್‌ನಲ್ಲಿ ಓಡಿದ ಪ್ರತಿ 3 ಕಿ.ಮೀ.ಗೆ ಆಮೇಲೆ ಒಂದು ದಿನ ಹಗುರವಾದ ಓಟ ಎಂಬುದು ಅಮೆರಿಕದ ತರಬೇತುದಾರ ಜಾಕ್ ಡೇನಿಯಲ್ಸ್ ಅವರ ನಿಯಮ. ಹಾಫ್‌ಗೆ ಏಳು ದಿನವಾಯಿತು. ಆ ವಾರ ವೇಗದ ಓಟವನ್ನೂ ಬೆಟ್ಟವನ್ನೂ ಪೂರ್ತಿ ಬಿಟ್ಟು, ವಾರದ ಕೊನೆಯ ಭಾನುವಾರ ನಿಧಾನವಾಗಿ 24 ಕಿ.ಮೀ. ಓಡಿ. ಅದರ ಮುಂದಿನ ಭಾನುವಾರ, ಎಂದರೆ ಮುಂಬೈಗೆ ಮೂರು ವಾರ ಇರುವಾಗ, ಕೊನೆಯ 30 ಕಿ.ಮೀ. ಮುಗಿಸಬೇಕು. ಆ ದಿನಾಂಕ ಹೆಚ್ಚಾಗಿ ಕ್ರಿಸ್‌ಮಸ್ ರಜೆಯೊಳಗೇ ಬೀಳುವುದರಿಂದ, ಊರಿಗೆ ಹೋಗುವ ರೈಲಿನ ಟಿಕೆಟ್ ತೆಗೆಸುವ ಮುನ್ನವೇ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅದಕ್ಕೊಂದು ಗುರುತು ಹಾಕಿಡಿ.