ದೋಣಿ ಮೇಲಿನ ಟೇಪ್ ಅಂಟು: ಟೇಪ್ ತೆಗೆಯೋಕೆ ಬಿಸಿಲು, ಅಂಟು ತೆಗೆಯೋಕೆ ನೆರಳು

ಕಲಬುರಗಿಯಲ್ಲಿ ದೋಣಿ ಕೆಲಸ ಸಿಗುತ್ತಾ ಅಂತ ತುಂಬಾ ಜನ ಕೇಳ್ತಾರೆ. ಸಿಗುತ್ತೆ. ಭೀಮಾ ದಂಡೆಯ ಊರುಗಳಲ್ಲಿ, ಬೀದರ್ ಕಡೆ ಕಾರಂಜಾ ಜಲಾಶಯದಲ್ಲಿ ಮೀನು ಹಿಡಿಯುವವರ ಹತ್ತಿರ ಫೈಬರ್ ದೋಣಿಗಳಿವೆ. ನಾನು ಗಾಡಿಗಳಿಗೆ ಪೇಂಟ್ ಹೊಡೆಯುವವನು, ಜೊತೆಗೆ ಈ ದೋಣಿಗಳ ರಿಪೇರಿಯನ್ನೂ ಮಾಡುತ್ತೇನೆ.

ಬೇಸಿಗೆಯಲ್ಲಿ ನೀರು ಇಳಿದ ಮೇಲೆ ದೋಣಿಗಳು ದಂಡೆ ಮೇಲೆ ಬೋರಲು ಬಿದ್ದಿರುತ್ತವೆ. ಬಿರುಕಿಗೆ ಹಚ್ಚಿದ ಪ್ಯಾಕಿಂಗ್ ಟೇಪ್, ಪಟ್ಟಿ ಬಳಿಯೋಕೆ ಅಂಟಿಸಿ ಹಾಗೇ ಬಿಟ್ಟ ಮಾಸ್ಕಿಂಗ್ ಟೇಪ್, ಎಲ್ಲಾ ಅದರ ಮೇಲೇ. ಮೇ ತಿಂಗಳಲ್ಲಿ ಇಲ್ಲಿ 42, 43 ಡಿಗ್ರಿ ಬಿಸಿಲು, ಫೈಬರ್ ಮೈ ಅದಕ್ಕಿಂತಲೂ ಜಾಸ್ತಿ ಕಾಯುತ್ತೆ. ಟೇಪಿನ ಹಾಳೆ ಪುಡಿಪುಡಿಯಾಗುತ್ತೆ, ಅಂಟು ಮಾತ್ರ ಮೈಗೆ ಬೆಂದು ಕೂರುತ್ತೆ.

ಹುಡುಗರು ಮೊದಲು ಕೇಳೋದೇ, "ಕಾಕಾ, ಚಾಕು ಹಚ್ಚಿ ಕೆರೀಲೇನ್ರಿ?" ಅಂತ. ಬೇಡ. ಫೈಬರ್ ದೋಣಿಯ ಹೊಳಪಿನ ಮೇಲ್ಪದರ, ಅಂದರೆ ಜೆಲ್‌ಕೋಟ್, ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್ ದಪ್ಪ ಅಷ್ಟೇ. ಅದರಲ್ಲಿ ಗೀರು ಬಿದ್ದರೆ ಅಂಟಿಗಿಂತ ದೊಡ್ಡ ಕೆಲಸ ಆಗುತ್ತೆ. ನಾನು ಬಳಸೋದು ಹಳೇ ಎಟಿಎಂ ಕಾರ್ಡ್, ಅದೂ ಓರೆಯಾಗಿ ಹಿಡಿದು.

ಹಾಳೆ ಇನ್ನೂ ಉಳಿದಿದ್ದರೆ ಅದನ್ನು ಬಿಸಿಯಲ್ಲೇ ತೆಗೀಬೇಕು. ಬೆಳಗಿನ ಎಳೆ ಬಿಸಿಲು ಬಿದ್ದ ಮೇಲೆ, ಇಲ್ಲಾಂದ್ರೆ ಕೂದಲು ಒಣಗಿಸೋ ಡ್ರೈಯರ್ ಹಿಡಿದು, ಕೈ ಇಟ್ಟರೆ ತಡೆಯುವಷ್ಟು ಬಿಸಿ ಮಾಡಿ, ಟೇಪನ್ನು ಹಿಂದಕ್ಕೆ ಮಡಚಿ ನಿಧಾನಕ್ಕೆ ಎಳೆಯಿರಿ. ಹೀಟ್ ಗನ್ ಇದ್ದರೆ ಹುಷಾರು, ಒಂದೇ ಕಡೆ ನಿಲ್ಲಿಸಿದರೆ ಜೆಲ್‌ಕೋಟ್ ಸುಟ್ಟು ಹಳದಿಯಾಗುತ್ತೆ. ಹಾಳೆ ಹೋಯಿತಾ, ದೋಣಿಯನ್ನು ನೆರಳಿಗೆ ತನ್ನಿ. ಕಾದ ಮೈ ಮೇಲೆ ಯಾವ ಥಿನ್ನರ್ ಹಾಕಿದರೂ ಅಂಟಿಗೆ ಇಳಿಯೋ ಮುಂಚೆ ಆರಿಹೋಗುತ್ತೆ, ನೀವು ಸುಮ್ನೆ ಉಜ್ಜುತ್ತಾ ಅಂಟನ್ನು ಅಗಲ ಮಾಡ್ತಿರ್ತೀರಿ.

ಮೊದಲ ಸರದಿ ಅಡುಗೆ ಎಣ್ಣೆಯದು. ನಮ್ಮ ಕಡೆ ಮನೆಯಲ್ಲಿ ಕುಸುಬಿ ಎಣ್ಣೆ ಇರುತ್ತೆ, ಅದು ಕೆಲಸ ಮಾಡುತ್ತೆ. ಆದರೆ ಅದು ಗಾಳಿಗೆ ಒಣಗಿ ತಾನೇ ಜಿಗುಟಾಗುವ ಜಾತಿ, ಅದಕ್ಕೇ ರಾತ್ರಿಯಿಡೀ ಬಿಡಬೇಡಿ. ಕೊಬ್ಬರಿ ಎಣ್ಣೆಗೆ ಆ ತೊಂದರೆ ಇಲ್ಲ. ಬಟ್ಟೆಯನ್ನು ಎಣ್ಣೆಯಲ್ಲಿ ಅದ್ದಿ ಅಂಟಿನ ಮೇಲೆ ಹೊದಿಸಿ, ಮೇಲೆ ಪ್ಲಾಸ್ಟಿಕ್ ಮುಚ್ಚಿ ಅರ್ಧ ಗಂಟೆ ಬಿಡಿ. ಸಾದಾ ಮಾಸ್ಕಿಂಗ್ ಟೇಪಿನ ಅಂಟು ಹೆಚ್ಚಾಗಿ ರಬ್ಬರ್ ಜಾತಿಯದು, ಎಣ್ಣೆ ಕುಡಿದು ಉಬ್ಬುತ್ತೆ, ಕಾರ್ಡ್ ತಾಗಿಸಿದರೆ ಸುರುಳಿಯಾಗಿ ಬರುತ್ತೆ.

ಅದಕ್ಕೂ ಬಗ್ಗದಿದ್ದರೆ ಟರ್ಪೆಂಟೈನ್, ಇಲ್ಲಾ ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ. ಇದರಲ್ಲೇ ಬಹುಪಾಲು ಮುಗಿಯುತ್ತೆ. ಅಸಿಟೋನ್ ಕೊನೆಗೆ, ಅದೂ ಬಟ್ಟೆಗೆ ಹಾಕಿಕೊಂಡು ಒಂದೆರಡು ಸಲ ಒರೆಸಿ ತೆಗೆಯೋದಷ್ಟೇ. ಬರೀ ಜೆಲ್‌ಕೋಟ್ ಅದನ್ನು ಸ್ವಲ್ಪ ಹೊತ್ತು ತಡೆಯುತ್ತೆ, ಮೇಲೆ ಪೇಂಟ್ ಹೊಡೆದಿದ್ದರೆ ಪೇಂಟೇ ಎದ್ದು ಬರಬಹುದು. ಯಾವುದನ್ನೇ ಆಗಲಿ ಮೊದಲು ಕಾಣದ ಮೂಲೆಯಲ್ಲಿ ಹಚ್ಚಿ ನೋಡಿ. ಪಾರದರ್ಶಕ ಅಕ್ರಿಲಿಕ್ ಗಾಜಿದ್ದರೆ ಅದಕ್ಕೆ ಅಸಿಟೋನ್, ಥಿನ್ನರ್, ಸ್ಪಿರಿಟ್ ಯಾವುದೂ ತಾಗಿಸಬೇಡಿ, ಕೂದಲೆಳೆಯಂಥ ಬಿರುಕು ಬೀಳುತ್ತೆ. ಚಿಮಣಿ ಎಣ್ಣೆಯಿಂದ ಒರೆಸಿ ಸೋಪು ನೀರು ಹಾಕಿದರೆ ಸಾಕು. ಗಾಳಿ ತುಂಬೋ ಪಿವಿಸಿ ದೋಣಿಗೂ ಅಸಿಟೋನ್ ಬೇಡ, ಅದರ ಮೈ ಮೆತ್ತಗಾಗುತ್ತೆ.

ಅಂಟು ಹೋದ ಮೇಲೆ ಪಾತ್ರೆ ತೊಳೆಯೋ ಲಿಕ್ವಿಡ್ಡು, ಉಗುರುಬೆಚ್ಚಗಿನ ನೀರು ಹಾಕಿ ಎರಡು ಸಲ ತೊಳೆಯಿರಿ. ಇದರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡಲ್ಲ. ಎಣ್ಣೆ ಒಂದು ಚೂರು ಉಳಿದರೂ ಮೇಲೆ ಹೊಡೆದ ಪೇಂಟ್ ಅಲ್ಲಲ್ಲಿ ಕಣ್ಣು ಬಿಟ್ಟ ಹಾಗೆ ಸರಿದು ನಿಲ್ಲುತ್ತೆ. ತೊಳೆದ ಜಾಗದಲ್ಲಿ ನೀರು ಹನಿಹನಿಯಾಗದೆ ಹಾಳೆಯಂತೆ ಹರಡಿದರೆ ಎಣ್ಣೆ ಹೋಗಿದೆ ಅಂತ ಅರ್ಥ. ಪೇಂಟ್ ಹೊಡೆಯೋದಿಲ್ಲ ಅಂದರೆ ರಬ್ಬಿಂಗ್ ಕಾಂಪೌಂಡ್, ಅಂದರೆ ಹೊಳಪು ತರೋ ಪೇಸ್ಟ್, ಹಾಕಿ ಉಜ್ಜಿ, ವ್ಯಾಕ್ಸ್ ಹಚ್ಚಿ. ಟೇಪ್ ಇದ್ದ ಕಡೆ ಬಣ್ಣ ಗಾಢವಾಗಿ ಕಾಣಬಹುದು. ಅದು ಅಂಟಲ್ಲ, ಸುತ್ತಲಿನ ಮೈ ಬಿಸಿಲಿಗೆ ಮಾಸಿರುತ್ತೆ ಅಷ್ಟೇ, ಉಜ್ಜುತ್ತಾ ಕೂರಬೇಡಿ.

ಇದೆಲ್ಲಾ ನೀರಿನ ಅಂಚಿನಿಂದ ದೂರ ಮಾಡಿ. ಟರ್ಪೆಂಟೈನ್ ನೀರಿಗೆ ಇಳಿದರೆ ಮೀನಿಗೇ ಕೇಡು, ಆ ಮೀನನ್ನೇ ನಂಬಿ ಬದುಕುವವರ ದೋಣಿ ಅಲ್ವಾ ಇದು? ಎಣ್ಣೆ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆಯಬೇಡಿ, ಬಿಚ್ಚಿ ಹರಡಿ ಒಣಗಿಸಿ. ಕುಸುಬಿ ಎಣ್ಣೆಯಂಥದ್ದು ಒಣಗುವಾಗ ಒಳಗೇ ಬಿಸಿಯಾಗುತ್ತೆ, ಬೆಂಕಿ ಹತ್ತುವ ಭಯ ಇರುತ್ತೆ.

ಮುಂದಿನ ಸಲ ಪಟ್ಟಿ ಬಳಿಯುವಾಗ ನೀಲಿ ಮಾಸ್ಕಿಂಗ್ ಟೇಪ್ ತಗೊಳ್ಳಿ, ಬೆಲೆ ಸ್ವಲ್ಪ ಜಾಸ್ತಿಯಾದರೂ ಮೈ ಮೇಲೆ ಅಂಟು ಉಳಿಸದೆ ಬರುತ್ತೆ. ಅಂಥವುಗಳಲ್ಲಿ ಕೆಲವಕ್ಕೆ 14 ದಿನ ಇಡಬಹುದು ಅಂತ ಬರೆದಿರುತ್ತೆ. ನಮ್ಮ ಬಿಸಿಲಿಗೆ ಅದನ್ನು ನಂಬಬೇಡಿ, ಪೇಂಟ್ ಹೊಡೆದ ದಿನವೇ, ಅದು ಪೂರ್ತಿ ಗಟ್ಟಿಯಾಗೋ ಮುಂಚೆ, ಕಿತ್ತುಬಿಡಿ.