ಸಂಜೆ ಏಳರ ವೋಲ್ಟೇಜ್‌ಗೆ ಹೊಂದುವ ಪವರ್ ಸಪ್ಲೈ

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ, ಕರೆಂಟ್ ಲೈನಿನ ಕಟ್ಟಕಡೆಯ ಮನೆ ನಮ್ಮದು. ಅಡಿಕೆ ತೋಟಗಳಿಗೆ ನೀರು ಹಾಯಿಸುವ ಬೇಸಿಗೆಯಲ್ಲಿ ಸಂಜೆ ಏಳಕ್ಕೆ ಪ್ಲಗ್ಗಿಗೆ ಮೀಟರ್ ಹಿಡಿದರೆ 165, 170 ವೋಲ್ಟ್. ಅದೇ ಪ್ಲಗ್ಗಿನಲ್ಲಿ ರಾತ್ರಿ ಎರಡಕ್ಕೆ 250. ನಮ್ಮದೇ ಜಿಲ್ಲೆಯಲ್ಲಿ ಶರಾವತಿಯ 1,035 ಮೆಗಾವಾಟ್ ಪವರ್‌ಹೌಸ್ ಇದೆ ಅನ್ನುವುದು ನೆಂಟರಿಗೆ ಹೇಳುವುದಕ್ಕೆ ಮಾತ್ರ ಚೆಂದ.

ಎರಡು ವರ್ಷದ ಹಿಂದೆ ಅಪ್ಪನ ಕ್ಯಾಸೆಟ್ ಡೆಕ್ ರಿಪೇರಿ ಮಾಡಿ ಜಗಲಿಯಲ್ಲಿಟ್ಟೆ. ಆಂಪ್ಲಿಫೈಯರ್ ಒಳಗಿನ ಕೋಣೆಯಲ್ಲಿ. ನಡುವೆ ಏಳು ಮೀಟರ್ ವೈರು, ಡೆಕ್ಕಿನ ಪಕ್ಕ ಒಂದು 100 ಕಿಲೋ ಓಮ್ ವಾಲ್ಯೂಮ್ ಕಂಟ್ರೋಲ್. ಹಾಡು ಕೇಳುತ್ತಿತ್ತು, ಆದರೆ ತಾಳದ ಕಿಣಿಕಿಣಿ ಮಾಯ. ಉದ್ದನೆಯ ವೈರು ತಾನೇ ಒಂದು ಸಣ್ಣ ಕೆಪಾಸಿಟರ್, ಅಂದರೆ ಚಾರ್ಜ್ ತುಂಬಿಟ್ಟುಕೊಳ್ಳುವ ಡಬ್ಬಿ, ಇದ್ದ ಹಾಗೆ. ವಾಲ್ಯೂಮ್ ಕಂಟ್ರೋಲಿನ ರೆಸಿಸ್ಟೆನ್ಸ್ ಜೊತೆ ಸೇರಿ ಅದು ಮೇಲಿನ ಸ್ವರಗಳನ್ನು ನುಂಗುತ್ತದೆ. ಇದಕ್ಕೆ ಮದ್ದು ಬಫರ್. ದನಿಯನ್ನು ಅದು ಜಾಸ್ತಿ ಮಾಡುವುದಿಲ್ಲ, ಕಡಿಮೆಯೂ ಮಾಡುವುದಿಲ್ಲ. ಬಂದದ್ದನ್ನು ಬಂದಹಾಗೆ, ಆದರೆ ಉದ್ದದ ವೈರನ್ನು ತಳ್ಳುವಷ್ಟು ಬಲ ಕೊಟ್ಟು ಮುಂದೆ ಕಳಿಸುತ್ತದೆ. ಒಂದು ಎನ್‌ಇ5532 ಐಸಿ, ನಾಲ್ಕಾರು ರೆಸಿಸ್ಟರ್, ಅಷ್ಟೇ.

ಬಫರ್ ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಆದರೆ ಬೆಳಿಗ್ಗೆ ಸ್ವಚ್ಛವಾಗಿ ಹಾಡುತ್ತಿದ್ದದ್ದು ಸಂಜೆಯಾದರೆ ಗುಂಯ್ ಅನ್ನುತ್ತಿತ್ತು. ಯಾರೋ ಹಿಂದೆ ಕೂತು ತಂಬೂರಿ ಹಿಡಿದ ಹಾಗೆ, ಅದೂ ಶ್ರುತಿ ತಪ್ಪಿ! ಐಸಿ ಬದಲಿಸಿದೆ, ವೈರು ಬದಲಿಸಿದೆ, ಅರ್ತಿಂಗ್ ಗುಂಡಿಗೆ ನಾಲ್ಕು ಕೊಡ ನೀರು ಸುರಿದೆ. ತಪ್ಪಿದ್ದದ್ದು ಪವರ್ ಸಪ್ಲೈನಲ್ಲಿ. ಸರ್ಕ್ಯೂಟ್ ಬರೆದವರು 230 ವೋಲ್ಟ್ ಇಟ್ಟುಕೊಂಡು ಲೆಕ್ಕ ಹಾಕಿದ್ದರು. ನಮ್ಮಲ್ಲಿ ಆ 230 ಬರುವುದು 170ರಿಂದ 250ಕ್ಕೆ ಹೋಗುವ ದಾರಿಯಲ್ಲಿ ಮಾತ್ರ.

ಹಾಗಾಗಿ ಇಂಥ ಬಫರ್‌ಗೆ ನೀವು ಪವರ್ ಸಪ್ಲೈ ಮಾಡುವಾಗ ಮೊದಲ ಕೆಲಸ ಅಂಗಡಿಗೆ ಹೋಗುವುದಲ್ಲ. ಒಂದು ವಾರ ನಿಮ್ಮ ಮನೆಯ ವೋಲ್ಟೇಜ್ ಬರೆದಿಡಿ. ಬೆಳಿಗ್ಗೆ, ಸಂಜೆ, ನಡುರಾತ್ರಿ. ಅತಿ ಕಡಿಮೆ ಎಷ್ಟು, ಅತಿ ಜಾಸ್ತಿ ಎಷ್ಟು ಅನ್ನುವ ಎರಡು ಅಂಕಿ ಕೈಯಲ್ಲಿದ್ದರೆ ಮುಂದಿನದೆಲ್ಲ ಸರಾಗ.

ಹಿಂದಿನಿಂದ ಲೆಕ್ಕ

ಬಫರ್‌ಗೆ ಪ್ಲಸ್ ಮತ್ತು ಮೈನಸ್, ಎರಡು ಸಪ್ಲೈ ಬೇಕು. ಎಷ್ಟು ವೋಲ್ಟ್? ಹೆಚ್ಚಿನ ಸರ್ಕ್ಯೂಟ್‌ಗಳಲ್ಲಿ 15 ಅಂತ ಇರುತ್ತದೆ. ನಾನು 12 ಸಾಕು ಅನ್ನುತ್ತೇನೆ. 12 ವೋಲ್ಟ್‌ನಲ್ಲಿ 5532 ಸುಮಾರು 7 ವೋಲ್ಟ್ ಆಡಿಯೊ ಸಿಗ್ನಲ್ ತಡೆದುಕೊಳ್ಳುತ್ತದೆ. ಸಿಡಿ ಪ್ಲೇಯರ್ ಕೊಡುವುದು ಜೋರಾಗಿದ್ದಾಗ 2 ವೋಲ್ಟ್. ಕ್ಯಾಸೆಟ್ ಡೆಕ್ ಅದಕ್ಕಿಂತ ಕಡಿಮೆ. 15 ಕೊಟ್ಟರೆ ಕಿವಿಗೆ ಗೊತ್ತಾಗುವ ಲಾಭ ಏನೂ ಇಲ್ಲ.

12 ವೋಲ್ಟ್ ಸ್ಥಿರವಾಗಿ ಕೊಡುವುದು 7812 ರೆಗ್ಯುಲೇಟರ್, ಮೈನಸ್ ಕಡೆಗೆ 7912. ಇವುಗಳಿಗೆ ಒಂದು ಹಟ ಇದೆ. ಕೊಡುವುದಕ್ಕಿಂತ ಎರಡು ವೋಲ್ಟ್ ಜಾಸ್ತಿ ಒಳಗೆ ಬರುತ್ತಲೇ ಇರಬೇಕು. ಅಂದರೆ 14 ವೋಲ್ಟ್ ಡಿಸಿ. ಅದಕ್ಕಿಂತ ಕೆಳಗಿಳಿದರೆ ರೆಗ್ಯುಲೇಟರ್ ಕೈಚೆಲ್ಲುತ್ತದೆ, ಒಳಗಿನ ಏರಿಳಿತವೆಲ್ಲ ಸೀದಾ ಹೊರಗೆ ಬರುತ್ತದೆ. ನನ್ನ ಸಂಜೆಯ ತಂಬೂರಿ ಇದೇ.

ಈಗ ಟ್ರಾನ್ಸ್‌ಫಾರ್ಮರ್. ನಾನು ಮೊದಲು ಹಾಕಿದ್ದು 12-0-12, ಅಂದರೆ ನಡುವಿನ ವೈರಿನಿಂದ ಆಚೆಗೂ ಈಚೆಗೂ 12 ವೋಲ್ಟ್ ಎಸಿ ಕೊಡುವುದು. ಮೀಟರಿನಲ್ಲಿ 170 ಇದ್ದಾಗ ಅದರ 12 ವೋಲ್ಟ್ 8.9ಕ್ಕೆ ಇಳಿಯುತ್ತದೆ. ಡಿಸಿ ಮಾಡುವಾಗ ಕೆಪಾಸಿಟರ್ ಎಸಿ ಅಲೆಯ ತುದಿಯವರೆಗೆ ತುಂಬುತ್ತದೆ, ಹಾಗಾಗಿ ಅದನ್ನು 1.414ರಿಂದ ಗುಣಿಸಿ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ತಿನ್ನುವ 0.7 ಕಳೆದರೆ ಡಿಸಿ 11.8. ಎಲ್ಲಿಯ 14? 15-0-15 ಹಾಕಿದರೆ ಅದೇ 170ರಲ್ಲಿ 11.1 ವೋಲ್ಟ್ ಎಸಿ, ಡಿಸಿ 15. ಪಾಸು. ಇದೇ ಟ್ರಾನ್ಸ್‌ಫಾರ್ಮರ್‌ಗೆ 7815 ಹಾಕಿದ್ದರೆ 17 ಬೇಕಿತ್ತು, ಫೇಲು.

ಇದು ಕಾಗದದ ಲೆಕ್ಕ. ನಿಜದಲ್ಲಿ ಸ್ವಲ್ಪ ಕೊಸರು ಸಿಗುತ್ತದೆ. ಟ್ರಾನ್ಸ್‌ಫಾರ್ಮರ್ ಮೇಲೆ ಬರೆದ ವೋಲ್ಟೇಜ್ ಪೂರ್ತಿ ಲೋಡ್ ಇದ್ದಾಗಿನದು. ಅರ್ಧ ಆಂಪ್ಸ್‌ನ ಚಿಕ್ಕ ಟ್ರಾನ್ಸ್‌ಫಾರ್ಮರ್‌ನಿಂದ ನಾವು ಎಳೆಯುವುದು 20 ಮಿಲಿಆಂಪ್ಸ್‌ಗಿಂತ ಕಡಿಮೆ. ಹಾಗಾಗಿ 15 ಅಂದದ್ದು 17.5 ಕೊಡುತ್ತದೆ, ನನ್ನದು ಕೊಡುತ್ತಿದೆ. ಈ ಕೊಸರನ್ನು ಲೆಕ್ಕಕ್ಕೆ ಹಿಡಿಯಬೇಡಿ, ಆಪತ್ತಿಗೆ ಇರಲಿ.

ಆ ಆಪತ್ತು ಇನ್ವರ್ಟರ್ ರೂಪದಲ್ಲಿ ಬರುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಮೂರು ದಿನ ಇನ್ವರ್ಟರೇ ಗತಿ, ಅಲ್ವಾ? ಹಳೆಯ ಇನ್ವರ್ಟರ್‌ಗಳು ಬಹಳಷ್ಟು ಸ್ಕ್ವೇರ್ ವೇವ್, ಅಂದರೆ ಅಲೆ ದುಂಡಗಿಲ್ಲದೆ ಚೌಕಾಕಾರ. ಲೈನ್ ಕರೆಂಟಿನಲ್ಲಿ 230 ಅಂದರೆ ಅಲೆಯ ತುದಿ 325 ವೋಲ್ಟ್‌ವರೆಗೆ ಹೋಗುತ್ತದೆ. ಸ್ಕ್ವೇರ್ ವೇವ್‌ನಲ್ಲಿ 230 ಅಂದರೆ ತುದಿಯೂ ಹೆಚ್ಚು ಕಡಿಮೆ 230. ನಮ್ಮ ಕೆಪಾಸಿಟರ್ ತುಂಬಿಕೊಳ್ಳುವುದು ಆ ತುದಿಯಿಂದಲೇ. ಅಂದರೆ 1.414ರ ಗುಣಾಕಾರ ಇಲ್ಲಿ ಇಲ್ಲ. 15-0-15ರಿಂದ 14.3 ವೋಲ್ಟ್ ಡಿಸಿ, ಜೊತೆಗೆ ಕೊಸರು. 7812 ಹೇಗೋ ಬದುಕುತ್ತದೆ. ಟ್ರಾನ್ಸ್‌ಫಾರ್ಮರ್ ಮೈಯಿಂದ ಗೊರ್ ಅನ್ನುವ ಸದ್ದು ಬಂದರೆ ಹೆದರಬೇಡಿ, ಸ್ಕ್ವೇರ್ ವೇವ್‌ನ ಹಣೆಬರಹವೇ ಅದು.

ಅಂಗಡಿಯಲ್ಲಿ "ಹದಿನೈದು ಜೀರೋ ಹದಿನೈದು, ಅರ್ಧ ಆಂಪ್ಸ್" ಅಂದರೆ ಸಾಕು. ವೈರಿನ ಬಣ್ಣ ನಂಬಬೇಡಿ. ಮೀಟರಿನಲ್ಲಿ ಓಮ್ ನೋಡಿ. ಕರೆಂಟ್ ಕಡೆಯ ಸುತ್ತು ನೂರು ಓಮ್ ದಾಟಿರುತ್ತದೆ, ಈಚೆಯದು ಕೆಲವೇ ಓಮ್. ಮೊಬೈಲ್ ಚಾರ್ಜರ್ ತರಹದ ಎಸ್‌ಎಂಪಿಎಸ್ ಅಡಾಪ್ಟರ್ ಯಾಕಾಗಬಾರದು ಅಂತ ಕೇಳುತ್ತಾರೆ. ಆಗಬಹುದು, ಒಳ್ಳೆಯದು ಸಿಕ್ಕರೆ. ನಮ್ಮಲ್ಲಿ ಅಗ್ಗದ ಒಂದನ್ನು ಚುಚ್ಚಿದ ಕೂಡಲೇ ಅಜ್ಜಿಯ ರೇಡಿಯೊದಲ್ಲಿ ಭದ್ರಾವತಿ ಸ್ಟೇಷನ್ ಹೋಗಿ ಬರೀ ಗರಗರ. ಅಜ್ಜಿಯನ್ನು ಎದುರು ಹಾಕಿಕೊಳ್ಳುವ ಧೈರ್ಯ ನನಗಿಲ್ಲ.

ಡಯೋಡ್, ಕೆಪಾಸಿಟರ್

ಡಯೋಡ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನಾಲ್ಕು 1ಎನ್4007 ಸೇರಿಸಿ ಬ್ರಿಡ್ಜ್ ಮಾಡಿ. ಒಂದು ಆಂಪ್ಸ್, 1,000 ವೋಲ್ಟ್ ತಡೆಯುವ ಡಯೋಡು, ಬೆಲೆ ಕಡ್ಲೆಕಾಯಿಗಿಂತ ಕಡಿಮೆ.

ಕೆಪಾಸಿಟರ್‌ನಲ್ಲಿ ಜನ ದುಂದು ಮಾಡುವುದು ಜಾಸ್ತಿ. 10,000 ಮೈಕ್ರೊಫ್ಯಾರಡ್ ಹಾಕಿದರೆ ಬೇಸ್ ಗಟ್ಟಿಯಾಗುತ್ತದೆ ಅಂತ ಒಂದು ನಂಬಿಕೆ. ಪವರ್ ಆಂಪ್ಲಿಫೈಯರ್‌ಗೆ ದೊಡ್ಡದು ಬೇಕು ಸರಿ, ಬಫರ್‌ಗೆ ಯಾಕೆ? ಲೆಕ್ಕ ನೋಡಿ. ಬ್ರಿಡ್ಜ್ ದಾಟಿದ ಮೇಲೆ ಪ್ರತಿ 10 ಮಿಲಿಸೆಕೆಂಡಿಗೆ ಒಮ್ಮೆ ಕೆಪಾಸಿಟರ್ ತುಂಬುತ್ತದೆ. 20 ಮಿಲಿಆಂಪ್ಸ್ ಎಳೆದರೆ, 2,200 ಮೈಕ್ರೊಫ್ಯಾರಡ್‌ನಲ್ಲಿ ಆ ಹೊತ್ತಿಗೆ ಇಳಿಯುವುದು 0.09 ವೋಲ್ಟ್. ರೆಗ್ಯುಲೇಟರ್ ಅದನ್ನು ಸುಮಾರು ಸಾವಿರದಲ್ಲಿ ಒಂದು ಪಾಲು ಮಾಡುತ್ತದೆ, ಐಸಿ ಇನ್ನೂ ಕಡಿಮೆ ಮಾಡುತ್ತದೆ. ಕಡೆಗೆ ಉಳಿಯುವುದು ಜೀರುಂಡೆಗೂ ಕೇಳಿಸದಷ್ಟು. ಹಾಗಾಗಿ ಪ್ಲಸ್ ಕಡೆ ಒಂದು, ಮೈನಸ್ ಕಡೆ ಒಂದು 2,200 ಸಾಕು.

ವೋಲ್ಟೇಜ್ ಮಾತ್ರ ನೋಡಿ ತನ್ನಿ. ಇಲ್ಲಿ ಕೆಲಸಕ್ಕೆ ಬರುವುದು ನಡುರಾತ್ರಿಯ ಅಂಕಿ. ಲೈನ್ 250 ಇದ್ದು ಟ್ರಾನ್ಸ್‌ಫಾರ್ಮರ್ ಕೊಸರನ್ನೂ ಸೇರಿಸಿ 19 ವೋಲ್ಟ್ ಕೊಟ್ಟರೆ ಕೆಪಾಸಿಟರ್ ಮೇಲೆ 26 ಕೂರುತ್ತದೆ. 25 ವೋಲ್ಟಿನದು ಹಾಕಿದರೆ ಒಂದಲ್ಲ ಒಂದು ದಿನ ತಲೆ ಉಬ್ಬುತ್ತದೆ. 35 ವೋಲ್ಟ್ ತನ್ನಿ, 105 ಡಿಗ್ರಿ ಅಂತ ಬರೆದಿರುವುದೇ ಇರಲಿ. ಮೀಟರಿನಲ್ಲಿ ಕೆಪಾಸಿಟರ್ ಅಳೆಯುವ ಸೌಲಭ್ಯ ಇದ್ದರೆ ಅಂಗಡಿಗೇ ಒಯ್ಯಿರಿ. 2,200 ಅಂತ ಚೆಂದದ ಅಕ್ಷರದಲ್ಲಿ ಬರೆದಿದ್ದ ಒಂದು ನನ್ನ ಮೀಟರಿನಲ್ಲಿ 1,100 ತೋರಿಸಿತು. ಶೇಕಡಾ 20 ಆಚೆ ಈಚೆ ಆದರೆ ಅದು ವಾಡಿಕೆ. ಅರ್ಧಕ್ಕರ್ಧ ಅಂದರೆ ಮೋಸ.

ರೆಗ್ಯುಲೇಟರ್ ಕಾಲುಗಳು

ಇಲ್ಲಿ ನಿಧಾನವಾಗಿ ಓದಿ. ಬರೆದ ಕಡೆ ನಿಮ್ಮತ್ತ ತಿರುಗಿಸಿ ಹಿಡಿದರೆ 7812ರ ಕಾಲು ಎಡದಿಂದ ಇನ್‌ಪುಟ್, ಗ್ರೌಂಡ್, ಔಟ್‌ಪುಟ್. 7912 ಅದರ ಅಣ್ಣತಮ್ಮನ ಹಾಗೆ ಕಾಣುತ್ತದೆ, ಆದರೆ ಕಾಲು ಎಡದಿಂದ ಗ್ರೌಂಡ್, ಇನ್‌ಪುಟ್, ಔಟ್‌ಪುಟ್. ಬೆನ್ನಿನ ಲೋಹದ ತಗಡು 7812ರಲ್ಲಿ ಗ್ರೌಂಡಿಗೆ ಸೇರಿದೆ, 7912ರಲ್ಲಿ ಇನ್‌ಪುಟ್‌ಗೆ. ಇದು ಗೊತ್ತಿಲ್ಲದೆ ನಾನು ಎರಡನ್ನೂ ಒಂದೇ ಅಲ್ಯೂಮಿನಿಯಂ ತುಂಡಿಗೆ ಸ್ಕ್ರೂ ಹಾಕಿ ಬಿಗಿದೆ. ಎರಡು ನಿಮಿಷದಲ್ಲಿ ಟ್ರಾನ್ಸ್‌ಫಾರ್ಮರ್‌ನ ವಾರ್ನಿಷ್ ವಾಸನೆ ಅಡುಗೆಮನೆಗೂ ಮುಟ್ಟಿತು.

ಅಸಲಿಗೆ ಬಿಸಿ ಹೀರುವ ಆ ತುಂಡು, ಅಂದರೆ ಹೀಟ್‌ಸಿಂಕ್, ಬೇಕೇ ಇರಲಿಲ್ಲ. 26 ವೋಲ್ಟ್ ಒಳಗೆ, 12 ಹೊರಗೆ, ನಡುವಿನ 14ನ್ನು 20 ಮಿಲಿಆಂಪ್ಸ್‌ನಿಂದ ಗುಣಿಸಿದರೆ 0.28 ವಾಟ್. ಹೀಟ್‌ಸಿಂಕ್ ಇಲ್ಲದ ರೆಗ್ಯುಲೇಟರ್ ಒಂದು ವಾಟ್‌ಗೆ ಸುಮಾರು 65 ಡಿಗ್ರಿ ಬಿಸಿಯಾಗುತ್ತದೆ. ಇಲ್ಲಿ 18 ಡಿಗ್ರಿ ಏರೀತು, ಅಷ್ಟೇ. ಸುಮ್ನೆ ನಿಲ್ಲಿಸಿ ಬಿಡಿ.

ರೆಗ್ಯುಲೇಟರ್‌ನ ಇನ್‌ಪುಟ್ ಕಾಲಿನ ಹತ್ತಿರವೇ 0.33 ಮೈಕ್ರೊಫ್ಯಾರಡ್, ಔಟ್‌ಪುಟ್ ಕಾಲಿಗೆ 0.1 ಮೈಕ್ರೊಫ್ಯಾರಡ್ ಜೊತೆ ಒಂದು 47 ಮೈಕ್ರೊಫ್ಯಾರಡ್ ಇರಲಿ. 7812 ಔಟ್‌ಪುಟ್‌ನಲ್ಲಿ ದೊಡ್ಡದಿಲ್ಲದೆಯೂ ನಡೆದೀತು. 7912 ನಡೆಯುವುದಿಲ್ಲ, ತಾನೇ ಕುಣಿಯಲು ಶುರು ಮಾಡುತ್ತದೆ. ಎರಡೂ ಔಟ್‌ಪುಟ್‌ನಿಂದ ಗ್ರೌಂಡಿಗೆ ಒಂದೊಂದು 1ಎನ್4007 ಉಲ್ಟಾ ಹಾಕಿ. ಸ್ವಿಚ್ ಹಾಕಿದಾಗ ಒಂದು ಮೊದಲು ಎದ್ದು ಇನ್ನೊಂದನ್ನು ಉಲ್ಟಾ ಎಳೆದು ಮಲಗಿಸುವುದು ತಪ್ಪುತ್ತದೆ. ಎರಡೂ ಕಡೆ 2.2 ಕಿಲೋ ಓಮ್ ಜೊತೆ ಒಂದು ಎಲ್‌ಇಡಿ ಇಟ್ಟರೆ ಯಾವ ಕಡೆ ಸತ್ತಿದೆ ಅಂತ ನೋಡಿದ ಕೂಡಲೇ ತಿಳಿಯುತ್ತದೆ.

ಸಿಡಿಲು, ತೇವ

230 ವೋಲ್ಟ್ ಕಡೆ ಕೈ ಹಾಕುವ ಅಭ್ಯಾಸ ಇಲ್ಲದಿದ್ದರೆ ಈ ಭಾಗ ಗೊತ್ತಿರುವವರಿಂದ ಮಾಡಿಸಿ. ಮೂರು ಪಿನ್ ಪ್ಲಗ್, ಲೋಹದ ಡಬ್ಬಿ ಅರ್ತ್‌ಗೆ. ಫೇಸ್‌ನಲ್ಲಿ 250 ಮಿಲಿಆಂಪ್ಸ್‌ನ ನಿಧಾನ ಫ್ಯೂಸ್. ಫ್ಯೂಸ್ ದಾಟಿದ ಮೇಲೆ ಫೇಸ್–ನ್ಯೂಟ್ರಲ್ ನಡುವೆ 14ಡಿ471ಕೆ ಎಂಬ ಎಂಒವಿ, ನೀಲಿ ಬಿಲ್ಲೆಯ ಹಾಗಿರುತ್ತದೆ. 300 ವೋಲ್ಟ್ ಎಸಿವರೆಗೆ ಅದು ಸುಮ್ಮನಿರುತ್ತದೆ. ಅದನ್ನು ಮೀರಿದ ಹೊಡೆತ ಬಂದರೆ ತನ್ನ ಮೇಲೆ ಎಳೆದುಕೊಳ್ಳುತ್ತದೆ, ನ್ಯೂಟ್ರಲ್ ಕಡಿದು 400 ನುಗ್ಗಿದರೆ ಫ್ಯೂಸ್ ಹಾರಿಸುತ್ತದೆ. ಫ್ಯೂಸಿಗಿಂತ ಮುಂಚೆ ಹಾಕಿದರೆ ಅದೇ ಹೊತ್ತಿಕೊಂಡೀತು. ಮನೆ ಹತ್ತಿರ ಬಡಿಯುವ ಸಿಡಿಲಿಗೆ ಇದು ಯಾವ ಲೆಕ್ಕಕ್ಕೂ ಇಲ್ಲ. ಏಪ್ರಿಲ್‌ನಲ್ಲಿ ಗುಡುಗು ಕೇಳಿದರೆ ಪ್ಲಗ್ ಕಿತ್ತಿಡಿ.

ವರ್ಷಕ್ಕೆ 7,000 ಮಿಲಿಮೀಟರ್ ಮಳೆ ಸುರಿಯುವ ಆಗುಂಬೆ ಸೀಮೆಯಲ್ಲಿ ಚಪ್ಪಲಿಗೆ ಹಿಡಿಯುವ ಬೂಷ್ಟು ಬೋರ್ಡಿಗೂ ಹಿಡಿಯುತ್ತದೆ. ಬೆಸುಗೆ ಹಾಕಿದ ಮೇಲೆ ಅಂಟು ಫ್ಲಕ್ಸನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಬ್ರಷ್‌ನಿಂದ ಉಜ್ಜಿ. ಒಣಗಿದ ಮೇಲೆ ಎರಡೂ ಕಡೆ ತೆಳು ವಾರ್ನಿಷ್. ಡಬ್ಬಿಯ ತೂತಿಗೆ ಬಲೆ ಹೊಡೆಯಿರಿ, ಹಲ್ಲಿ ಬೆಚ್ಚಗಿನ ಜಾಗ ಬಿಡುವುದಿಲ್ಲ.

ಟ್ರಾನ್ಸ್‌ಫಾರ್ಮರ್ ಬೇರೆ ಡಬ್ಬಿಯಲ್ಲಿದ್ದರೆ ಒಳ್ಳೆಯದು, ಇಲ್ಲವೇ ಬಫರ್‌ನಿಂದ ಒಂದು ಗೇಣು ದೂರ. ಅದರ ನಡುವಿನ ವೈರು, ಎರಡು ದೊಡ್ಡ ಕೆಪಾಸಿಟರ್ ಕೂಡುವ ಜಾಗ, ಬಫರ್‌ನ ಗ್ರೌಂಡ್ ಎಲ್ಲ ಒಂದೇ ಬಿಂದುವಿನಲ್ಲಿ ಸೇರಲಿ.

ಚಾಲೂ ಮಾಡುವುದು

ಐಸಿಯನ್ನು ಸಾಕೆಟ್‌ಗೆ ಇನ್ನೂ ಹಾಕಬೇಡಿ. ಸೀರೀಸ್ ಬೋರ್ಡಿಗೆ 40 ವಾಟ್‌ನ ಹಳೆ ಬುರುಡೆ ಬಲ್ಬ್ ಹಾಕಿ ಅದರ ಮೂಲಕ ಕರೆಂಟ್ ಕೊಡಿ. ಬಲ್ಬ್ ಒಮ್ಮೆ ಮಿಂಚಿ ಆರಿದರೆ ಸರಿ. ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ, ಆರಿಸಿ ಹುಡುಕಿ. ಸರಿಯಿದ್ದರೆ ಔಟ್‌ಪುಟ್ ಅಳೆಯಿರಿ. 11.5ರಿಂದ 12.5ರ ನಡುವೆ ಎಷ್ಟು ಬಂದರೂ ಒಪ್ಪಿಗೆ. ಮೈನಸ್ ಕಡೆಯೂ ಅಷ್ಟೇ. ಆಮೇಲೆ ಆರಿಸಿ, ಐಸಿ ಕೂರಿಸಿ.

ಗುಂಯ್ ಬಂದರೆ ಕಿವಿಗೊಟ್ಟು ಕೇಳಿ. ಕರ್ಕಶವಾಗಿ, ಜೇನು ಗುಂಯ್ಗುಟ್ಟಿದ ಹಾಗಿದ್ದರೆ ಅದು ಹೆಚ್ಚಾಗಿ 100 ಹರ್ಟ್ಜ್, ಸಪ್ಲೈಯ ತಪ್ಪು. ದಪ್ಪಗೆ, ಮೆತ್ತಗಿದ್ದರೆ 50 ಹರ್ಟ್ಜ್, ಟ್ರಾನ್ಸ್‌ಫಾರ್ಮರ್ ಹತ್ತಿರವಾಗಿದೆ ಅಥವಾ ಗ್ರೌಂಡ್ ಎರಡು ಕಡೆಯಿಂದ ಸುತ್ತಿ ಬಂದಿದೆ.

ಬೆಳಿಗ್ಗೆ ಚೆನ್ನಾಗಿ ಹಾಡಿತು ಅಂತ ಮುಚ್ಚಳದ ಸ್ಕ್ರೂ ಬಿಗಿಯಬೇಡಿ. ಸಂಜೆ ಏಳಾಗಲಿ. ಸುತ್ತಲಿನ ತೋಟಗಳಲ್ಲಿ ಪಂಪ್ ಶುರುವಾದ ಮೇಲೆ ರೆಗ್ಯುಲೇಟರ್‌ನ ಇನ್‌ಪುಟ್ ಕಾಲಿಗೆ ಮೀಟರ್ ಇಡಿ. ನನ್ನಲ್ಲಿ ಲೈನ್ 168 ಇದ್ದಾಗ ಅಲ್ಲಿ 17.3 ಇತ್ತು, ಬೇಕಾದದ್ದು 14. ಆಮೇಲೆ ಮುಚ್ಚಳ ಹಾಕಿದೆ.